ಕೊನೆಗೌಡನ ಮೊಣಕಾಲು ಮತ್ತು ಶಿರಸಿ ಕೋರ್ಟು: ಅಪಘಾತ ಪರಿಹಾರಕ್ಕೆ ಅಲೆದ ಕಥೆ

ನಮ್ಮಣ್ಣನ ಅಪಘಾತ ಪರಿಹಾರದ ಕೇಸು ಕೊನೆಗೂ ಮುಗಿಯಿತು. ವಿಮಾ ಕಂಪನಿ ಹಣ ಕಟ್ಟಿದೆ. ಇಷ್ಟು ದಿನ ಕಡತ ಹಿಡಿದು ಓಡಾಡಿದವನು ನಾನೇ. ಹೀಗಾಗಿ ಊರಲ್ಲಿ ಯಾರಿಗಾದರೂ ಗಾಡಿ ಬಡಿದರೆ ಈಗ ನನಗೇ ಫೋನ್ ಬರುತ್ತದೆ. ಅದೇ ಪ್ರಶ್ನೆಗಳು, ಅದೇ ಗಾಬರಿ. ನಾವು ಎಲ್ಲೆಲ್ಲಿ ಕಂಗಾಲಾದೆವು ಅನ್ನುವುದನ್ನು ಒಂದು ಕಡೆ ಬರೆದಿಟ್ಟರೆ ಇನ್ನೊಂದು ಮನೆಗೆ ಉಪಯೋಗ ಆದೀತು ಅನ್ನಿಸಿತು.

ಅಣ್ಣ ಕೊನೆಗೌಡ. ಘಟ್ಟದ ಮೇಲಿನವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ: ಅಡಿಕೆ ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ದು ಹಗ್ಗದಲ್ಲಿ ಇಳಿಸುವವನು. ಒಂದು ಮರ ಮುಗಿದರೆ ಕೆಳಗೆ ಇಳಿಯುವುದಿಲ್ಲ. ಮರವನ್ನು ಬಗ್ಗಿಸಿ ಪಕ್ಕದ ಮರ ಹಿಡಿದು ದಾಟುತ್ತಾನೆ. ಮಳೆಗಾಲದ ಮೊದಲು ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ (ಹೊದಿಕೆ) ಕಟ್ಟುವುದು, ಕೊಳೆ ರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಹೊಡೆಯುವುದು, ಚಳಿಗಾಲದಲ್ಲಿ ಕೊಯ್ಲು. ಎಲ್ಲವೂ ಮರದ ಮೇಲಿನ ಕೆಲಸ. ಈ ಕೇಸಿನಲ್ಲಿ ಕೊನೆಗೆ ಲೆಕ್ಕಕ್ಕೆ ಬಂದದ್ದೂ ಅದೇ.

2023ರ ಮೇ ತಿಂಗಳು. ಹುಲೇಕಲ್ ರಸ್ತೆಯಲ್ಲಿ ಅಣ್ಣ ಬೈಕಿನಲ್ಲಿ ಮನೆಗೆ ಬರುತ್ತಿದ್ದ. ತಿರುವಿನಲ್ಲಿ ಎದುರಿನಿಂದ ಬಸ್ ಬರುತ್ತಿತ್ತು. ಅದನ್ನು ಹಿಂದೆ ಹಾಕಲು ಹೋದ ಒಂದು ಗೂಡ್ಸ್ ಟೆಂಪೋ ಅಣ್ಣನ ಕಡೆಗೇ ಬಂತು. ಬಲ ಮೊಣಕಾಲಿಗೆ ಬಡಿಯಿತು. ಹಿಂದೆ ಬರುತ್ತಿದ್ದ ಪರಿಚಯದ ಹುಡುಗನೊಬ್ಬ ಶಿರಸಿಯ ಆಸ್ಪತ್ರೆಗೆ ಸೇರಿಸಿದ. ಮೊಣಕಾಲಿನ ಕೆಳಗಿನ ಎಲುಬು ಚೂರಾಗಿತ್ತು. ಅಂದೇ ರಾತ್ರಿ ಹುಬ್ಬಳ್ಳಿಗೆ ಹೋಗಿ ಅಂದರು. ಆಂಬುಲೆನ್ಸಿನಲ್ಲಿ ನೂರು ಕಿಲೋಮೀಟರ್ ಹತ್ತಿರ. ರಸ್ತೆಯ ಒಂದೊಂದು ಗುಂಡಿಗೂ ಅಣ್ಣ ಕೂಗುತ್ತಿದ್ದ. ಅದು ಈಗಲೂ ನನ್ನ ಕಿವಿಯಲ್ಲಿದೆ.

ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಪ್ಲೇಟು, ಸ್ಕ್ರೂ ಹಾಕಿದರು. ಅತ್ತಿಗೆಯ ಬಳೆ ಅಡವಿಟ್ಟೆವು. ಉಳಿದದ್ದು ಸಾಲ. ಆ ದಿನಗಳಲ್ಲಿ ಪರಿಹಾರ, ಕೋರ್ಟು ಯಾವುದೂ ತಲೆಯಲ್ಲಿ ಇರುವುದಿಲ್ಲ. ಕಾಲು ಉಳಿದರೆ ಸಾಕು ಅಂತಿರುತ್ತದೆ. ಆದರೆ ಕೇಸನ್ನು ಗೆಲ್ಲಿಸುವ ಅಥವಾ ಸೋಲಿಸುವ ಕಾಗದಗಳು ಹುಟ್ಟುವುದು ಆ ದಿನಗಳಲ್ಲೇ.

ಒಂದು ಉದಾಹರಣೆ ಕೊಡುತ್ತೇನೆ. ಮೊದಲು ಸೇರಿಸಿದ ಆಸ್ಪತ್ರೆಯ ರಿಜಿಸ್ಟರಿನಲ್ಲಿ ‘ಬೈಕಿನಿಂದ ಬಿದ್ದು ಗಾಯ’ ಅಂತ ಒಂದು ಸಾಲು ಬರೆದಿತ್ತು. ಬಾಗಿಲಲ್ಲಿ ಯಾರೋ ಕೇಳಿದ್ದಾರೆ, ಯಾರೋ ಗಡಿಬಿಡಿಯಲ್ಲಿ ಹೇಳಿದ್ದಾರೆ. ಟೆಂಪೋ ಹೆಸರೇ ಇಲ್ಲ. ನಮಗೆ ಅದು ಗೊತ್ತಾದದ್ದು ಎಷ್ಟೋ ತಿಂಗಳ ನಂತರ, ವಿಮಾ ಕಂಪನಿ ಅದನ್ನೇ ಹಿಡಿದು ‘ತಾನೇ ಬಿದ್ದಿದ್ದಾನೆ, ಟೆಂಪೋ ಬಡಿದೇ ಇಲ್ಲ’ ಅಂತ ತಕರಾರು ಹಾಕಿದಾಗ. ಯಾರನ್ನಾದರೂ ಆಸ್ಪತ್ರೆಗೆ ಸೇರಿಸುವಾಗ ಯಾವ ಗಾಡಿ, ಹೇಗೆ ಬಡಿಯಿತು ಅಂತ ಸ್ಪಷ್ಟವಾಗಿ ಹೇಳಿ. ಏನು ಬರೆದರು ಅಂತ ಕೇಳಿ ತಿಳಿದುಕೊಳ್ಳಿ.

ಆಸ್ಪತ್ರೆಗೇ ಟೆಂಪೋ ಮಾಲೀಕರ ಕಡೆಯವರು ಬಂದರು. ಹಣ್ಣು ತಂದಿದ್ದರು. ‘ಪೊಲೀಸು, ಕೋರ್ಟು ಎಲ್ಲ ಯಾಕೆ, ಮೂವತ್ತು ಸಾವಿರ ಕೊಡ್ತೇವೆ, ಇಲ್ಲೇ ಮುಗಿಸೋಣ’ ಅಂದರು. ಕೈಯಲ್ಲಿ ಕಾಸಿರಲಿಲ್ಲ. ಅಪ್ಪನಿಗೆ ಒಪ್ಪಿಕೊಳ್ಳುವ ಮನಸ್ಸಿತ್ತು. ‘ಪಾಪ, ಅವನೂ ದುಡಿದು ತಿನ್ನುವವನು’ ಅಂದರು. ಅತ್ತಿಗೆ ಮಾತ್ರ ಜಗ್ಗಲಿಲ್ಲ. ‘ದೂರು ಕೊಟ್ಟ ಮೇಲೆ ಮಾತಾಡಿ’ ಅಂದಳು. ಅವಳ ಆ ಒಂದು ಮಾತು ನಮ್ಮನ್ನು ಉಳಿಸಿತು. ಚಾಲಕನ ಮೇಲೆ ಕನಿಕರ ಬರುವುದು ಸಹಜ. ಆದರೆ ಗಾಡಿಗೆ ವಿಮೆ ಇದ್ದರೆ ಪರಿಹಾರ ಕೊಡುವುದು ಅವನ ಮನೆಯಿಂದಲ್ಲ. ಮೂರನೆಯವರಿಗೆ ಆಗುವ ಹಾನಿಗೆ ಪ್ರತಿ ಗಾಡಿಗೂ ವಿಮೆ ಇರಲೇಬೇಕು ಅಂತ ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ.

ಪೊಲೀಸರು ಅಣ್ಣನ ಹೇಳಿಕೆ ಪಡೆದು ಎಫ್‌ಐಆರ್ ಮಾಡಿದರು. ಆಗ ಐಪಿಸಿ (ಭಾರತೀಯ ದಂಡ ಸಂಹಿತೆ) ಕಲಂ 279, ಅಂದರೆ ಅಜಾಗ್ರತೆಯ ಚಾಲನೆ, ಮತ್ತು 338, ಅಂದರೆ ಅಜಾಗ್ರತೆಯಿಂದ ತೀವ್ರ ಗಾಯ. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125 ಬಂದಿವೆ. ಚಾಲಕನ ಮೇಲಿನ ಆ ಕ್ರಿಮಿನಲ್ ಕೇಸು ಬೇರೆ, ನಮ್ಮ ಪರಿಹಾರದ ಅರ್ಜಿ ಬೇರೆ. ಅಲ್ಲಿ ಅವನಿಗೆ ಶಿಕ್ಷೆ ಆದರೆ ಇಲ್ಲಿ ತಾನಾಗಿ ಹಣ ಬರುವುದಿಲ್ಲ. ಅಲ್ಲಿ ಬಿಡುಗಡೆ ಆದನೆಂದು ಇಲ್ಲಿ ಬಾಗಿಲು ಮುಚ್ಚುವುದೂ ಇಲ್ಲ. ಅಲ್ಲಿ ಸಂಶಯಕ್ಕೆ ಎಡೆಯಿಲ್ಲದ ಹಾಗೆ ಸಾಬೀತಾಗಬೇಕು. ಇಲ್ಲಿ ಯಾವ ಕಡೆಯ ಮಾತು ಹೆಚ್ಚು ನಂಬುವಂತಿದೆ ಅನ್ನುವುದನ್ನು ನೋಡುತ್ತಾರೆ.

ಅಣ್ಣ ಕೋಲು ಹಿಡಿದು ಮನೆಯೊಳಗೆ ನಡೆಯುವಷ್ಟಾದಾಗ ವಕೀಲರನ್ನು ಹುಡುಕಿದೆವು. ಮೊದಲು ಹೋದ ಕಡೆ ‘ಬಂದ ಹಣದಲ್ಲಿ ಇಷ್ಟು ಪಾಲು’ ಅಂತ ಕೇಳಿದರು. ಖಾಲಿ ಕಾಗದಕ್ಕೆ ಸಹಿಯನ್ನೂ ಕೇಳಿದರು. ನಾವು ಎದ್ದು ಬಂದೆವು. ಕೇಸಿನ ಫಲದಲ್ಲಿ ಪಾಲು ಅಂತ ಫೀಸು ಗೊತ್ತು ಮಾಡುವುದು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ. ಆಮೇಲೆ ಸಿಕ್ಕ ವಕೀಲರು ಫೀಸನ್ನು ಮೊದಲೇ ಹೇಳಿ, ಕಂತಿನಲ್ಲಿ ಕೊಡಿ ಅಂದರು. ಅದೂ ಆಗದವರಿಗೆ ಕೋರ್ಟಿನ ಆವರಣದಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಆದಾಯ ಕಡಿಮೆ ಇರುವವರಿಗೆ ಅಲ್ಲಿ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಕೇಳಲು ನಾಚಿಕೊಳ್ಳಬೇಡಿ.

ವಕೀಲರು ಮೊದಲ ದಿನ ಕೂರಿಸಿಕೊಂಡು ನಾಲ್ಕು ಪ್ರಶ್ನೆ ಬರೆದು ಕೊಟ್ಟರು. ಎದುರಿನವನಿಗೆ ನಿಮ್ಮ ಅಣ್ಣನ ಬಗ್ಗೆ ಜಾಗ್ರತೆ ವಹಿಸುವ ಹೊಣೆ ಇತ್ತೇ? ಆ ಹೊಣೆ ಮೀರಿದನೇ? ಮೀರಿದ್ದರಿಂದಲೇ ಈ ಗಾಯ ಆಯಿತೇ? ಆದ ನಷ್ಟ ಎಷ್ಟು? ನಿರ್ಲಕ್ಷ್ಯದ ಯಾವ ಕೇಸೂ ಈ ನಾಲ್ಕರ ಮೇಲೇ ನಿಲ್ಲುತ್ತದೆ ಅಂದರು. ನನಗೆ ಮೊದಲನೆಯದು ಅರ್ಥವಾಗಲಿಲ್ಲ. ಗುರುತು ಪರಿಚಯ ಇಲ್ಲದವನಿಗೆ ಎಂಥ ಹೊಣೆ? ಅದಕ್ಕೆ ಅವರು ಸ್ಕಾಟ್ಲೆಂಡಿನ ಪೇಸ್ಲಿ ಊರಿನ ಕಥೆ ಹೇಳಿದರು. 1928ರಲ್ಲಿ ಒಬ್ಬಾಕೆ ಅಲ್ಲಿನ ಕೆಫೆಯಲ್ಲಿ ಶುಂಠಿ ಪಾನೀಯ ಕುಡಿದಳು. ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತು ಅನ್ನುವುದು ಅವಳ ದೂರು. ಬಾಟಲಿಗೆ ದುಡ್ಡು ಕೊಟ್ಟವಳು ಅವಳ ಗೆಳತಿ. ತಯಾರಿಸಿದವನಿಗೂ ಇವಳಿಗೂ ಯಾವ ಕರಾರೂ ಇಲ್ಲ. ಆದರೂ 1932ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್, ತನ್ನ ಅಜಾಗ್ರತೆಯಿಂದ ಯಾರಿಗೆ ಪೆಟ್ಟಾಗಬಹುದು ಅಂತ ಮೊದಲೇ ಊಹಿಸಬಹುದೋ ಅವರೆಲ್ಲರಿಗೂ ಹೊಣೆ ಇದೆ ಅಂದಿತು. ರಸ್ತೆಯ ಮೇಲೆ ಗಾಡಿ ಹತ್ತಿದವನಿಗೆ ಎದುರು ಬರುವ ಎಲ್ಲರ ಬಗ್ಗೆಯೂ ಆ ಹೊಣೆ ಇರುತ್ತದೆ.

ಎರಡು ದಾರಿ ಇವೆ ಅಂತಲೂ ವಿವರಿಸಿದರು. ಮೋಟಾರು ವಾಹನ ಕಾಯ್ದೆಯ ಕಲಂ 164ರಲ್ಲಿ ಯಾರ ತಪ್ಪು ಅಂತ ಸಾಬೀತು ಮಾಡಬೇಕಿಲ್ಲ. ಸಾವಾದರೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. 166ರಲ್ಲಿ ತಪ್ಪು ಸಾಬೀತು ಮಾಡಬೇಕು, ಆದರೆ ಆದ ನಷ್ಟದಷ್ಟೂ ಕೇಳಬಹುದು. 164ರ ಹಣ ಒಪ್ಪಿ ಪಡೆದರೆ 166ರ ಅರ್ಜಿ ಬಿದ್ದುಹೋಗುತ್ತದೆ. ನಾವು 166 ಆರಿಸಿದೆವು. ಅಪಘಾತ ಆದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನುವ ನಿಯಮ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಾಲು ವಾಸಿಯಾಗಲಿ, ಆಮೇಲೆ ನೋಡೋಣ ಅಂತ ಕೂರಬೇಡಿ. ಅಪಘಾತ ಆದ ಕಡೆಯೇ ಅರ್ಜಿ ಹಾಕಬೇಕೆಂದೂ ಇಲ್ಲ. ನೀವು ವಾಸ ಇರುವ ಕಡೆ ಹಾಕಬಹುದು. ಗೋವಾದಲ್ಲಿ ಪೆಟ್ಟು ತಿಂದ ಕಾರವಾರದವರು ಕಾರವಾರದಲ್ಲೇ ಹಾಕಬಹುದು. ಇದು ಗೊತ್ತಿಲ್ಲದೆ ಸುಮ್ನೆ ಕೈಬಿಟ್ಟವರನ್ನು ನಾನು ನೋಡಿದ್ದೇನೆ. ಖರ್ಚಿನ ಬಗ್ಗೆ ಹೇಳುವುದಾದರೆ, ಕೋರ್ಟು ಶುಲ್ಕ ಅಂತ ನಾವು ದೊಡ್ಡ ಮೊತ್ತ ಕಟ್ಟಲಿಲ್ಲ. ಜೆರಾಕ್ಸು, ಓಡಾಟ, ಡಾಕ್ಟರ ಸಾಕ್ಷಿ, ಇವುಗಳಿಗೇ ಜಾಸ್ತಿ ಹೋಯಿತು.

ಕಾಗದಗಳು: ದೂರು, ಎಫ್‌ಐಆರ್, ಸ್ಥಳ ಪಂಚನಾಮೆ, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ದೋಷಾರೋಪಣ ಪಟ್ಟಿ, ಡಿಸ್ಚಾರ್ಜ್ ಸಮರಿ, ಎಲ್ಲ ಬಿಲ್ಲು, ಚೀಟಿ, ಎಕ್ಸ್‌ರೇ, ಆಧಾರ್, ಬ್ಯಾಂಕ್ ಪಾಸ್‌ಬುಕ್. ಪೊಲೀಸ್ ಕಾಗದಗಳಿಗೆ ನಾನು ತುಂಬಾ ಅಲೆದೆ. ‘ಸಾಹೇಬ್ರು ಬಂದೋಬಸ್ತಿಗೆ ಹೋಗಿದ್ದಾರೆ’ ಅನ್ನುವ ಮಾತು ಕೇಳಿ ಕೇಳಿ ಸಾಕಾಗಿತ್ತು. ಟ್ಯಾಕ್ಸಿಯವನಿಂದ, ಔಷಧಿ ಅಂಗಡಿಯಿಂದ ಪ್ರತಿ ಸಲ ರಸೀದಿ ಕೇಳಿ. ಔಷಧಿ ಬಿಲ್ಲಿನ ಅಕ್ಷರ ಬೇಗ ಅಳಿಸಿಹೋಗುತ್ತದೆ. ಜೆರಾಕ್ಸ್ ತೆಗೆದಿಡಿ.

ಆ ಕಟ್ಟಿನಲ್ಲಿ ನಮ್ಮನ್ನು ಕಾಪಾಡಿದ್ದು ಎರಡು ಹಾಳೆ. ಒಂದು ನಕ್ಷೆ. ಡಾಂಬರು 18 ಅಡಿ ಅಗಲ, ಡಿಕ್ಕಿಯಾದ ಜಾಗ ಅಣ್ಣ ಹೋಗುತ್ತಿದ್ದ ಬದಿಯ ಅಂಚಿನಿಂದ 4 ಅಡಿ ಅಂತ ಅದರಲ್ಲಿತ್ತು. ಅಂದರೆ ಟೆಂಪೋ ತನ್ನ ಬದಿ ಬಿಟ್ಟು ಪೂರಾ ಈಚೆ ಬಂದಿತ್ತು. ಇನ್ನೊಂದು ನಿರೀಕ್ಷಕರ ವರದಿ. ಟೆಂಪೋದ ಮುಂದಿನ ಬಲಗಡೆ ಇಂಡಿಕೇಟರ್ ಒಡೆದಿದೆ, ಬೈಕಿನ ಬಲಗಡೆ ಫುಟ್‌ರೆಸ್ಟ್ ಹಿಂದಕ್ಕೆ ಬಗ್ಗಿದೆ, ಎರಡರಲ್ಲೂ ಯಾಂತ್ರಿಕ ದೋಷ ಇಲ್ಲ ಅಂತ ಇತ್ತು. ಅಣ್ಣ ತಾನೇ ಬಿದ್ದಿದ್ದರೆ ಟೆಂಪೋದ ಇಂಡಿಕೇಟರ್ ಒಡೆಯುತ್ತಿರಲಿಲ್ಲವಲ್ಲ. ಅಣ್ಣನನ್ನು ಆಸ್ಪತ್ರೆಗೆ ಸೇರಿಸಿದ ಹುಡುಗನೂ ಬಂದು ಸಾಕ್ಷಿ ಹೇಳಿದ. ಒಂದು ದಿನದ ಕೂಲಿ ಬಿಟ್ಟು ಬಂದಿದ್ದ, ಬಸ್ ಚಾರ್ಜು ಕೂಡ ತೆಗೆದುಕೊಳ್ಳಲಿಲ್ಲ. ‘ಬೈಕಿನಿಂದ ಬಿದ್ದು’ ಅನ್ನುವ ಆ ಸಾಲು ಅಲ್ಲಿಗೆ ಬಿತ್ತು.

ಆಮೇಲೆ ಎರಡನೇ ತಕರಾರು. ಅಣ್ಣ ಹೆಲ್ಮೆಟ್ ಹಾಕಿರಲಿಲ್ಲ, ಹಾಗಾಗಿ ಅರ್ಧ ತಪ್ಪು ಅವನದೇ ಅಂದರು. ಗಾಯಗೊಂಡವನ ತಪ್ಪೂ ಸೇರಿದ್ದರೆ ಅವನ ಪಾಲಿನಷ್ಟು ಪರಿಹಾರ ಕಡಿತ ಆಗುತ್ತದೆ. ಅವನ ತಪ್ಪು ಶೇಕಡಾ 25 ಅಂತ ಹಿಡಿದರೆ ನೂರು ರೂಪಾಯಿಗೆ 25 ಹೋಯಿತು. ನಾನು ಹೆದರಿದ್ದೆ. ವಕೀಲರ ಉತ್ತರ ಸರಳವಾಗಿತ್ತು: ಹೆಲ್ಮೆಟ್ ಇದ್ದರೆ ಮೊಣಕಾಲು ಉಳಿಯುತ್ತಿತ್ತೇ? ನಿಯಮ ಮೀರಿದ್ದಕ್ಕೆ ದಂಡ ಹಾಕಲಿ, ಆದರೆ ಆ ಮೀರುವಿಕೆಯಿಂದ ಅಪಘಾತವೋ ಗಾಯವೋ ಆಗಿಲ್ಲದಿದ್ದರೆ ಪರಿಹಾರ ಕಡಿಯುವಂತಿಲ್ಲ. ಒಂದೇ ಬೈಕಿನಲ್ಲಿ ಮೂವರು ಕೂತಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ ಇದೇ ತರ್ಕ ಹಿಡಿದಿದೆ. ನಾಲ್ಕು ಪ್ರಶ್ನೆಗಳಲ್ಲಿ ಮೂರನೆಯದರ ಬೆಲೆ ನನಗೆ ಗೊತ್ತಾದದ್ದು ಆಗ. ಇದೇ ಜಾಗದಲ್ಲಿ ತಲೆಗೆ ಪೆಟ್ಟಾಗಿದ್ದರೆ ಮಾತು ಬೇರೆ ಆಗುತ್ತಿತ್ತು. ಹೆಲ್ಮೆಟ್ ಹಾಕಿ, ದಯವಿಟ್ಟು.

ಮೂರನೇ ತಕರಾರು ಚಾಲಕನ ಲೈಸೆನ್ಸು. ಅವನಿಗೆ ಲಘು ವಾಹನದ ಲೈಸೆನ್ಸ್ ಇದೆ, ಸಾಗಣೆ ವಾಹನಕ್ಕೆ ಅದು ಸಾಲದು, ನಾವು ಹಣ ಕೊಡುವುದಿಲ್ಲ ಅಂದಿತು ಕಂಪನಿ. ಇದು ಹಲವು ತಿಂಗಳು ನಮ್ಮ ನಿದ್ದೆ ಕೆಡಿಸಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, 7,500 ಕಿಲೋ ಒಳಗಿನ ಸಾಗಣೆ ವಾಹನಕ್ಕೆ ಲಘು ವಾಹನದ ಲೈಸೆನ್ಸ್ ಸಾಕು ಅಂತ ಹೇಳಿತು. ನಮ್ಮ ಟೆಂಪೋ ಅದರೊಳಗೇ ಇತ್ತು. ಆ ಸುದ್ದಿ ಬಂದ ಸಂಜೆ ವಕೀಲರೇ ಫೋನ್ ಮಾಡಿ ಹೇಳಿದರು.

ಇವುಗಳ ನಡುವೆ ಕಾಯುವುದು. ಶಿರಸಿ ಕೋರ್ಟಿನ ಹೊರಗಿನ ಬೆಂಚು ನಮಗೆ ಮನೆ ಜಗಲಿಯಷ್ಟೇ ಪರಿಚಯ ಆಗಿತ್ತು. ಎದುರುದಾರರಿಗೆ ನೋಟಿಸ್ ತಲುಪಿಲ್ಲ, ವಾಯಿದೆ. ಅವರ ವಕೀಲರು ಬಂದಿಲ್ಲ, ವಾಯಿದೆ. ಡಾಕ್ಟರಿಗೆ ಹುಬ್ಬಳ್ಳಿಯಿಂದ ಬರಲು ಪುರುಸೊತ್ತಿಲ್ಲ, ವಾಯಿದೆ. ಕೊಯ್ಲಿನ ಹಂಗಾಮಿನಲ್ಲಿ ಅಣ್ಣ ಆ ಬೆಂಚಿನ ಮೇಲೆ ಕೂತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಮರ ಹಿಡಿದು ಹಿಡಿದು ಗಟ್ಟಿಯಾಗಿದ್ದ ಚರ್ಮ ಮೆತ್ತಗಾಗುತ್ತಾ ಬಂದಿತ್ತು. ‘ತಮಾ, ಇದು ನನ್ನ ಕೈ ಅಲ್ಲ’ ಅಂದ ಒಂದು ದಿನ. ನನಗೆ ಏನು ಹೇಳಲೂ ತೋಚಲಿಲ್ಲ.

ಹೀಗಿರುವಾಗ, ಎರಡೂ ಕಡೆಯವರು ಒಪ್ಪಿ ರಾಜಿಯಲ್ಲಿ ಕೇಸು ಮುಗಿಸುವ ಲೋಕ ಅದಾಲತ್ ಬಂತು. ಕಂಪನಿ 5 ಲಕ್ಷಕ್ಕೆ ಮುಗಿಸೋಣ ಅಂದಿತು. ಸಾಲಗಾರರು ಬಾಗಿಲಲ್ಲಿದ್ದರು. ಅಣ್ಣ ಇನ್ನೇನು ಒಪ್ಪುವುದರಲ್ಲಿದ್ದ. ಲೋಕ ಅದಾಲತ್ತಿನಲ್ಲಿ ಒಪ್ಪಿದರೆ ಅದೇ ಕೊನೆ, ಮೇಲ್ಮನವಿ ಇಲ್ಲ. ಮೊತ್ತ ಸರಿಯಾಗಿದ್ದರೆ ಅದು ಬಹಳ ಒಳ್ಳೆಯ ದಾರಿ, ವರ್ಷಗಟ್ಟಲೆ ಅಲೆಯುವುದು ತಪ್ಪುತ್ತದೆ. ಆದರೆ ಕಂಪನಿಯ ಲೆಕ್ಕ ಎಲ್ಲಿಂದ ಬಂತು ಅಂತ ವಕೀಲರು ಕಾಗದದ ಮೇಲೆ ಬಿಡಿಸಿ ತೋರಿಸಿದರು. ಇದನ್ನು ಪ್ರತಿಯೊಬ್ಬರೂ ತಿಳಿದಿರಬೇಕು.

ತಿಂಗಳ ಆದಾಯ 16,000 ಅಂತ ಹಿಡಿಯೋಣ. ವರ್ಷಕ್ಕೆ 1,92,000. ಅಣ್ಣನಿಗೆ 38 ವರ್ಷ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 36ರಿಂದ 40ರ ವಯಸ್ಸಿಗೆ ಗುಣಕ 15. ಗುಣಿಸಿದರೆ 28,80,000. ಇದರಲ್ಲಿ ಎಷ್ಟು ಪಾಲು ದುಡಿಮೆ ಹೋಯಿತು ಅನ್ನುವುದೇ ಪ್ರಶ್ನೆ. ಡಾಕ್ಟರು ಬಲಗಾಲಿಗೆ ಶೇಕಡಾ 39 ಅಂಗವಿಕಲತೆ ಅಂದಿದ್ದರು. ಕಂಪನಿ ಅದರಲ್ಲಿ ಮೂರನೇ ಒಂದು ಪಾಲು ಇಡೀ ದೇಹಕ್ಕೆ ಅಂತ ಹಿಡಿದು 13 ಅಂದಿತು. ಆಗ ಬರುವುದು 3,74,400. ಆಸ್ಪತ್ರೆ ಖರ್ಚಿಗೆ ಅಂತ ಸ್ವಲ್ಪ ಸೇರಿಸಿದರೆ ಅವರ 5 ಲಕ್ಷ.

‘ಗುಮಾಸ್ತನ ಕಾಲಾಗಿದ್ದರೆ 13 ಸರಿ’ ಅಂದರು ವಕೀಲರು. ‘ಕೊನೆಗೌಡನ ಕಾಲು ಇದು.’ 2010ರ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬಿಡಿಸಿ ಹೇಳಿದೆ. ಎಡಗೈ ಹೋದರೆ ಚಾಲಕನ ಅಥವಾ ಬಡಗಿಯ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋಗಬಹುದು. ಸರ್ಕಾರಿ ಗುಮಾಸ್ತನ ಸಂಬಳಕ್ಕೆ ಅಷ್ಟು ಪೆಟ್ಟಾಗದಿರಬಹುದು. ದೇಹಕ್ಕೆ ಎಷ್ಟು ಊನ ಅನ್ನುವುದು ಒಂದು, ಆ ಊನದಿಂದ ಈ ಮನುಷ್ಯನ ದುಡಿಮೆಗೆ ಎಷ್ಟು ನಷ್ಟ ಅನ್ನುವುದು ಇನ್ನೊಂದು. ಡಾಕ್ಟರು ಹೇಳುವುದು ಮೊದಲನೆಯದನ್ನು. ಎರಡನೆಯದನ್ನು ನ್ಯಾಯಾಧೀಶರು ನಿರ್ಧರಿಸಬೇಕು, ಅದಕ್ಕೆ ನಾವು ಸಾಕ್ಷಿ ಕೊಡಬೇಕು. ಅತ್ತಿಗೆ 5 ಲಕ್ಷ ಬೇಡ ಅಂದಳು. ಕೇಸು ಮುಂದುವರಿಯಿತು.

ಆದಾಯಕ್ಕೆ ನಮ್ಮ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಕೊನೆಗೌಡನಿಗೆ ಯಾರು ಸಂಬಳದ ಸ್ಲಿಪ್ ಕೊಡುತ್ತಾರೆ? ಪುರಾವೆ ಇಲ್ಲದವರಿಗೆ ಅಪಘಾತದ ವರ್ಷಕ್ಕೆ ಇಷ್ಟು ಅಂತ ಅಂದಾಜು ಆದಾಯದ ಪಟ್ಟಿಯೊಂದು ಲೋಕ ಅದಾಲತ್ತಿಗೆಂದು ರಾಜ್ಯ ಕಾನೂನು ಸೇವಾ ಪ್ರಾಧಿಕಾರದಲ್ಲಿದೆ, ಕೋರ್ಟುಗಳೂ ಅದನ್ನು ನೋಡುತ್ತವೆ. ಅಷ್ಟಕ್ಕೇ ಬಿಡದೆ ನಾವು ತೋಟದ ಹೆಗಡೇರನ್ನು ಕೇಳಿಕೊಂಡೆವು. ವಯಸ್ಸಾದವರು. ಕೋರ್ಟು ಅಂದರೆ ಹಿಂಜರಿದರು, ಆದರೂ ಬಂದರು. ‘ಇವನ ಅಪ್ಪನ ಕಾಲದಿಂದ ನಮ್ಮನೆ ಕೊನೆ ಇವರೇ ಕೊಯ್ಯೋದು. ಈ ಊರಲ್ಲಿ ಮರ ಹತ್ತುವವರು ಬೆರಳೆಣಿಕೆ. ಇವನಿಗೆ ಒಂದು ದಿನವೂ ಕೆಲಸ ತಪ್ಪುತ್ತಿರಲಿಲ್ಲ’ ಅಂತ ಹೇಳಿದರು. ಅವರ ಕೂಲಿ ಲೆಕ್ಕದ ಹಳೇ ಪುಸ್ತಕವನ್ನೂ ತಂದಿದ್ದರು. ಕೂಲಿಯವರ ಮನೆಯಲ್ಲಿ ಇರುವವರಿಗೆ ನನ್ನ ಸಲಹೆ ಇದು: ಕೆಲಸ ಕೊಟ್ಟವರ ಪುಸ್ತಕ ಹುಡುಕಿ.

ಅಣ್ಣನ ಪಾಟೀಸವಾಲಿನ ದಿನ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಕಂಪನಿಯ ವಕೀಲರು ಕೇಳಿದರು:

‘ಇವತ್ತು ಕೋರ್ಟಿಗೆ ನಡೆದೇ ಬಂದಿದ್ದೀರಿ?’

‘ಹೌದು.’

‘ಮೆಟ್ಟಿಲೂ ಹತ್ತಿದ್ದೀರಿ?’

‘ಕಟಾಂಜನ ಹಿಡ್ಕೊಂಡು ಹತ್ತಿದೆ.’

‘ಹಾಗಾದರೆ ಮೊದಲಿನಂತೆ ಕೆಲಸ ಮಾಡಬಹುದು ಅಂದರೆ ಸರಿಯಲ್ಲವೇ?’

‘ಸರಿಯಲ್ಲ. ಅಡಿಕೆ ಮರಕ್ಕೆ ಮೆಟ್ಟಿಲಿಲ್ಲ ಸ್ವಾಮಿ. ಎರಡೂ ಮೊಣಕಾಲು ಮಡಚಿ ಮರ ತಬ್ಬಬೇಕು. ನನ್ನ ಬಲಗಾಲು ಮಡಚೋದಿಲ್ಲ.’

ನ್ಯಾಯಾಧೀಶರು ಆ ಮಾತನ್ನು ಪೂರ್ತಿ ಬರೆಸಿಕೊಂಡರು. ಸಾಕ್ಷಿ ಹೇಳುವವರು ಗಾಯವನ್ನು ದೊಡ್ಡದು ಮಾಡಿ ಹೇಳಬೇಕಿಲ್ಲ. ನಡೆಯಲು ಆಗುವುದಾದರೆ ಆಗುತ್ತದೆ ಅನ್ನಿ. ಯಾವ ಕೆಲಸ ಆಗುವುದಿಲ್ಲ, ಯಾಕೆ ಆಗುವುದಿಲ್ಲ ಅನ್ನುವುದನ್ನು ನಿಮ್ಮ ಮಾತಿನಲ್ಲೇ ಹೇಳಿ.

ತೀರ್ಪಿನಲ್ಲಿ ತಪ್ಪು ಪೂರ್ತಿ ಟೆಂಪೋ ಚಾಲಕನದು ಅಂತ ಬಂತು. ದುಡಿಮೆಯ ನಷ್ಟ ಶೇಕಡಾ 40. ಅಂದರೆ 11,52,000. ಜೊತೆಗೆ ಆಸ್ಪತ್ರೆ ಮತ್ತು ಔಷಧಿಗೆ 1,70,000, ಮಲಗಿದ್ದ ಆರು ತಿಂಗಳ ಆದಾಯ 96,000, ನೋವಿಗೆ 75,000, ಬದುಕಿನ ಸುಖ ಕಳೆದುಕೊಂಡದ್ದಕ್ಕೆ 50,000, ಪ್ಲೇಟು ತೆಗೆಸುವ ಮುಂದಿನ ಆಪರೇಷನ್ನಿಗೆ 40,000, ಓಡಾಟ, ಊಟ, ಜೊತೆಗಿದ್ದವರ ಖರ್ಚಿಗೆ 25,000. ಒಟ್ಟು 16,08,000. ಅರ್ಜಿ ಹಾಕಿದ ದಿನದಿಂದ ಶೇಕಡಾ 6 ಬಡ್ಡಿ. ನನ್ನ ಮನಸ್ಸಿಗೆ 40 ಇವತ್ತಿಗೂ ಕಡಿಮೆಯೇ. ಮರ ಹತ್ತುವುದಂತೂ ಪೂರ್ತಿ ಹೋಗಿದೆ. ಆದರೆ ಕೂತು ಮಾಡುವ ಕೆಲಸ ಮಾಡಬಲ್ಲ ಅನ್ನುವುದನ್ನೂ ಕೋರ್ಟು ನೋಡಬೇಕಾಗುತ್ತದೆ. ಮೇಲ್ಮನವಿಗೆ ಹೈಕೋರ್ಟಿನಲ್ಲಿ 90 ದಿನ ಅವಕಾಶ ಇತ್ತು. ಮನೆಯವರೆಲ್ಲ ಕೂತು ಮಾತಾಡಿ ಸಾಕು ಅಂದೆವು. ಕಂಪನಿಯೂ ಹೋಗಲಿಲ್ಲ.

ಹಣ ಕೋರ್ಟಿಗೆ ಬಂದ ಮೇಲೂ ಕೈಗೆ ಬರಲು ಇನ್ನೊಂದು ಅರ್ಜಿ, ಇನ್ನಷ್ಟು ದಿನ. ಎಲ್ಲವನ್ನೂ ಒಟ್ಟಿಗೆ ಕೊಡುವುದಿಲ್ಲ. ಒಂದು ಪಾಲು ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತಾರೆ, ಬಡ್ಡಿ ಮಾತ್ರ ತೆಗೆಯಬಹುದು. ಮೊದಲು ಬೇಸರ ಆಗಿತ್ತು. ಈಗ ಅತ್ತಿಗೆಗೆ ಅದೇ ಧೈರ್ಯ. ಬಳೆ ಬಿಡಿಸಿಕೊಂಡೆವು, ಸಾಲ ತೀರಿತು. ಅಣ್ಣ ಹೆಗಡೇರ ಮನೆಯಲ್ಲೇ ಅಡಿಕೆ ಸುಲಿಯುವ, ಒಣಗಿಸುವ ಕೆಲಸ ನೋಡಿಕೊಳ್ಳುತ್ತಾನೆ. ಪಾಸ್‌ಬುಕ್ಕಿನ ಹೆಸರು, ಆಧಾರ್ ಹೆಸರು, ಅರ್ಜಿಯ ಹೆಸರು ಒಂದೇ ಇರಬೇಕು. ನಮ್ಮದರಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ತಪ್ಪಿ ಅದಕ್ಕೇ ಸುಮಾರು ದಿನ ಹಿಡಿಯಿತು.

ಇನ್ನೊಂದು ಮಾತು ಬಾಕಿ ಇದೆ. ಪ್ಲೇಟು ತೆಗೆಸುವ ಆಪರೇಷನ್ ಈ ಮಳೆಗಾಲ ಕಳೆದ ಮೇಲೆ ಇದೆ. ಅದರ ಖರ್ಚು ಎಷ್ಟೇ ಬಂದರೂ ಮತ್ತೆ ಹೋಗಿ ಕೇಳಲು ಆಗುವುದಿಲ್ಲ. ಒಂದು ಅಪಘಾತಕ್ಕೆ ಒಂದೇ ಸಲ ಪರಿಹಾರ. ಹಾಗಾಗಿ ಡಾಕ್ಟರು ಸಾಕ್ಷಿ ಹೇಳಲು ಬಂದ ದಿನವೇ ಮುಂದೆ ಯಾವ ಚಿಕಿತ್ಸೆ ಬೇಕು, ಈಗಿನ ದರದಲ್ಲಿ ಎಷ್ಟಾಗುತ್ತದೆ ಅಂತ ಅವರ ಬಾಯಿಂದ ಹೇಳಿಸಿ, ಅಂದಾಜು ಪಟ್ಟಿಯನ್ನೂ ಹಾಜರು ಮಾಡಿಸಿ.